ಒಂಬತ್ತು ವರ್ಷ ಲಾ ಟ್ರಾಪ್ ಕುಡಿದ ಮೇಲೆ

ಲಾ ಟ್ರಾಪ್ ಎಂಬ ಮಠದ ಬಿಯರಿನ ಕ್ವಾಡ್ರುಪೆಲ್ ಬಗೆಯನ್ನು ಮೊದಲ ಸಲ ಕುಡಿದ ರಾತ್ರಿ, ಬಿಯರ್‌ಗಳಿಗೆ ಅಂಕ ಕೊಡುವ ಆ್ಯಪಿನಲ್ಲಿ ಅದಕ್ಕೆ ಐದರಲ್ಲಿ ಎರಡು ನಕ್ಷತ್ರ ಒತ್ತಿದ್ದೆ. ಕೆಲಸಕ್ಕೆಂದು ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ಗೆ ಬಂದು ಆಗ ಎರಡು ತಿಂಗಳೂ ಆಗಿರಲಿಲ್ಲ. ಊರಿನ ಅಭ್ಯಾಸದಂತೆ ಬಾಟಲಿಯನ್ನು ಫ್ರಿಜ್ಜಿನ ಹಿಂಬದಿಗೆ ತಳ್ಳಿ, ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಮಾಡಿ, ಬಾಟಲಿಗೇ ಬಾಯಿಟ್ಟು ಕುಡಿದಿದ್ದೆ. ಸಿಹಿ, ಗಂಟಲಲ್ಲಿ ಘಾಟು, ಕೊನೆಯ ಗುಟುಕಿನಲ್ಲಿ ಬಾಯಿ ತುಂಬ ಗಸಿ. ತಪ್ಪು ಪೂರ್ತಿ ನನ್ನದೇ. ಶೇ 10ರಷ್ಟು ಮದ್ಯಾಂಶವಿರುವ, ಬಾಟಲಿಯೊಳಗೂ ಹುದುಗುವ ಬಿಯರನ್ನು ಸೆಕೆಗಾಲದಲ್ಲಿ ತಣ್ಣಗೆ ಕುಡಿಯುವ ಹಗುರ ಲಾಗರ್ ಬಿಯರಿನಂತೆ ಕುಡಿದವನಿಗೆ ಸಿಗಬೇಕಾದದ್ದೇ ಸಿಕ್ಕಿತು.

ಆ ಎರಡು ನಕ್ಷತ್ರ ಈಗಲೂ ಅಲ್ಲಿ ಲೆಕ್ಕಕ್ಕಿದೆ. ಹಾಗಾಗಿ ಈ ಬಿಯರ್‌ಗಳ ಅಂಕಗಳನ್ನು ನೋಡಿ ಬಾಟಲಿ ಆರಿಸುವವರಿಗೆ ನಾನು ಮೊದಲು ಹೇಳುವುದು, ಆ ಸರಾಸರಿಯೊಳಗೆ ನನ್ನಂಥವರೂ ಇದ್ದಾರೆ ಎಂದು.

ಬಿಯರ್ ತಯಾರಾಗುವ ಜಾಗ ನಮ್ಮ ಮನೆಯಿಂದ ಸುಮಾರು ಮೂವತ್ತು ಕಿಲೋಮೀಟರ್. ಟಿಲ್‌ಬರ್ಗ್ ಪಕ್ಕದ ಬರ್ಕೆಲ್-ಎನ್‌ಸ್ಖೋಟ್‌ನಲ್ಲಿರುವ ಕೋನಿಂಗ್ಸ್‌ಹೂವನ್ ಮಠ. ಮಠ ನಿಂತಿರುವ ರಸ್ತೆಯ ಹೆಸರೇ ಐಂಡ್‌ಹೋವನ್ ರಸ್ತೆ. ಬೇಸಿಗೆಯಲ್ಲಿ ಸೈಕಲ್ಲಿನಲ್ಲಿ ಹೋಗುತ್ತೇನೆ, ಬರುವಾಗ ರೈಲು. ಕಾರಣ ಬಿಡಿಸಿ ಹೇಳಬೇಕಿಲ್ಲ. ಚರ್ಚಿನ ಜೋಡಿ ಗೋಪುರ ದೂರದಿಂದಲೇ ಮರಗಳ ಮೇಲೆ ಕಾಣುತ್ತದೆ. 1881ರಲ್ಲಿ ಫ್ರಾನ್ಸಿನ ಉತ್ತರ ಭಾಗದ ಮೋಂ-ದೆ-ಕಾ ಮಠದಿಂದ, ಅಲ್ಲಿ ಧಾರ್ಮಿಕ ಸಂಘಗಳ ಮೇಲೆ ಸರ್ಕಾರದ ಒತ್ತಡ ಹೆಚ್ಚಿದಾಗ, ಟ್ರಾಪಿಸ್ಟ್ ಎಂಬ ಕ್ಯಾಥೊಲಿಕ್ ಪಂಥದ ಸನ್ಯಾಸಿಗಳು ಇಲ್ಲಿಗೆ ಬಂದರು. ಹಿಂದೆ ದೊರೆ ಎರಡನೆಯ ವಿಲ್ಲೆಮನ ಒಡೆತನದಲ್ಲಿದ್ದ ಹೊಲಗಳಿವು. ಕೋನಿಂಗ್ಸ್‌ಹೂವನ್ ಎಂದರೆ ದೊರೆಯ ಹೊಲಮನೆಗಳು. ಬಂದವರು ಮೊದಲು ತಂಗಿದ್ದು ಕುರಿದೊಡ್ಡಿಯಲ್ಲಿ. ಮರಳು ನೆಲದ ಬೇಸಾಯ ಹೊಟ್ಟೆ ತುಂಬಿಸಲಿಲ್ಲ, ಮಠ ಕಟ್ಟಲು ಹಣವಂತೂ ಹುಟ್ಟಲಿಲ್ಲ. ಮಠದ ಹಿರಿಯರಾಗಿದ್ದ ನಿವಾರ್ಡಸ್ ಶ್ವೈಕಾರ್ಟ್ ಮ್ಯೂನಿಕ್ಕಿನ ಬಿಯರ್ ತಯಾರಕರ ಮನೆಯ ಮಗ. 1884ರಲ್ಲಿ ಬ್ರೂವರಿ ಶುರುವಾಯಿತು. ಬಹುಕಾಲ ಅದರ ಹೆಸರೂ ಕುರಿದೊಡ್ಡಿ ಎಂದೇ ಇತ್ತು, ಡಚ್ಚಿನಲ್ಲಿ ‘ಸ್ಖಾಪ್ಸ್‌ಕೋಯಿ’.

ಮಠದಲ್ಲಿ ಬಿಯರ್ ಮಾಡುತ್ತಾರೆ ಎಂದು ಫೋನಿನಲ್ಲಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪ್ರಸಾದಕ್ಕೂ ಅದೇ ಕೊಡುತ್ತಾರೇನಪ್ಪಾ?’ ಎಂದು ಕೇಳಿದರು. ಕೊಡುವುದಿಲ್ಲ, ಮಾರುತ್ತಾರೆ. ಇವರು ಪಾಲಿಸುವ ಸಂತ ಬೆನೆಡಿಕ್ಟನ ನಿಯಮದಂತೆ ಸನ್ಯಾಸಿ ತನ್ನ ಕೈದುಡಿಮೆಯಿಂದಲೇ ಬದುಕಬೇಕು. ಕಾಯಕ ಎಂಬ ನಮ್ಮ ಮಾತು ಇದಕ್ಕೆ ಹೇಳಿ ಮಾಡಿಸಿದಂತಿದೆ. ಇದೇ ಪಂಥಕ್ಕೆ ಸೇರಿದ ಕುರಿಶುಮಲ ಆಶ್ರಮ ಕೇರಳದ ವಾಗಮಣ್ ಬಳಿ ಇದೆ. ಅಲ್ಲಿಯವರ ಕಾಯಕ ಹಸು ಸಾಕಣೆ, ಹಾಲು. ಅಮ್ಮನಿಗೆ ಅದು ಹೆಚ್ಚು ಒಪ್ಪಿಗೆಯಾಯಿತು.

ಈಗ ಅಂಕಗಳ ವಿಷಯ. ಕುಡಿಯುವವರು ಕೊಟ್ಟಿರುವ ಅಂಕಗಳನ್ನು ನೋಡಿದರೆ ಲಾ ಟ್ರಾಪ್ ಬಿಯರ್‌ಗಳು ಹೆಚ್ಚುಕಡಿಮೆ ಮದ್ಯಾಂಶದ ಏಣಿಯ ಮೇಲೆಯೇ ಸಾಲಾಗಿ ನಿಲ್ಲುತ್ತವೆ. ಮೇಲ್ಗಡೆ ಶೇ 10ರ ಕ್ವಾಡ್ರುಪೆಲ್, ಅದನ್ನೇ ಓಕ್ ಪೀಪಾಯಿಗಳಲ್ಲಿ ಇಟ್ಟು ಮಾಗಿಸಿದ ಬಗೆ ಅದಕ್ಕೂ ಮೇಲೆ. ನಡುವೆ ಶೇ 8ರ ಟ್ರಿಪೆಲ್, ಶೇ 7ರ ಡಬ್ಬೆಲ್. ಕೆಳಗೆ ಗೋಧಿ ಬೆರೆತ ವಿಟ್ಟೆ, ಮದ್ಯವಿರುವವುಗಳಲ್ಲಿ ಎಲ್ಲಕ್ಕಿಂತ ಹಗುರವಾದ ಸಾವಯವ ಪ್ಯೂರ್. ಇದು ಈ ಒಂದು ಬ್ರೂವರಿಯ ಕಥೆಯೇನೂ ಅಲ್ಲ. ಅಂಕ ಕೊಡುವ ಜನ ಎಲ್ಲ ಕಡೆಯೂ ಕಡು ಬಣ್ಣಕ್ಕೆ, ಹೆಚ್ಚು ಮದ್ಯಕ್ಕೆ, ಸುಲಭಕ್ಕೆ ಸಿಗದ ಬಾಟಲಿಗೆ ಸೋಲುತ್ತಾರೆ. ಬೆಲ್ಜಿಯಂನ ವೆಸ್ಟ್‌ಫ್ಲೆಟೆರೆನ್ 12 ಜಗತ್ತಿನ ಅತ್ಯುತ್ತಮ ಬಿಯರ್‌ಗಳ ಪಟ್ಟಿಗಳ ತುದಿಯಲ್ಲಿ ಕೂರುವುದಕ್ಕೆ ರುಚಿಯಷ್ಟೇ ಅದರ ಅಭಾವವೂ ಕಾರಣವೆಂದು ನನ್ನ ಗುಮಾನಿ. ಲಾ ಟ್ರಾಪ್ ಆದರೋ ನೆದರ್‌ಲ್ಯಾಂಡ್ಸಿನ ಸೂಪರ್‌ಮಾರ್ಕೆಟ್ಟುಗಳಲ್ಲಿ ಹಾಲು, ಮೊಟ್ಟೆಯ ಜೊತೆ ಸಿಗುತ್ತದೆ. ನಾನು ಕೊಳ್ಳುವುದು ಬಾಟಲಿಗೆ ಎರಡು ಯೂರೋ ಆಸುಪಾಸು. ಹಿತ್ತಲ ಗಿಡ ಮದ್ದಲ್ಲ.

ಇನ್ನೊಂದು ಹಳೆಯ ಗುರುತೂ ಇದಕ್ಕೆ ಅಂಟಿಕೊಂಡಿದೆ. 1999ರಲ್ಲಿ ಮಠವು ಬಿಯರ್ ವ್ಯವಹಾರವನ್ನು, ಆಗ ಬವಾರಿಯಾ ಎಂಬ ಹೆಸರಿದ್ದ ಸ್ವಿಂಕೆಲ್ಸ್ ಕುಟುಂಬದ ಕಂಪನಿಯ ಜೊತೆ ಸೇರಿ ನಡೆಸಲು ಒಪ್ಪಂದ ಮಾಡಿಕೊಂಡಿತು. ಟ್ರಾಪಿಸ್ಟ್ ಮಠಗಳ ಸಂಘದ ಷಟ್ಕೋನ ಮುದ್ರೆ ಬೇಕಾದರೆ ಬಿಯರ್ ಮಠದ ಆವರಣದೊಳಗೆ, ಸನ್ಯಾಸಿಗಳ ನಿಗಾದಲ್ಲಿ ತಯಾರಾಗಬೇಕು, ಆದಾಯ ಮಠದ ಬದುಕಿಗೆ ಮತ್ತು ದಾನಕ್ಕೆ ಹೋಗಬೇಕು. ಕಂಪನಿಯೊಂದು ಒಳಬಂದ ಮೇಲೆ ಮುದ್ರೆ ಹೋಯಿತು. ಮತ್ತೆ ಸಿಕ್ಕಿದ್ದು 2005ರಲ್ಲಿ. ಅದಾಗಿ ಇಷ್ಟು ವರ್ಷವಾದರೂ ಬಾರಿನಲ್ಲಿ ಪಕ್ಕ ಕುಳಿತ ಯಾರಾದರೊಬ್ಬರು ‘ಅದು ಈಗ ಕಾರ್ಖಾನೆ ಬಿಯರ್’ ಎನ್ನುವುದುಂಟು. ನನಗೆ ಅದು ಅನ್ಯಾಯದ ಮಾತಾಗಿ ಕೇಳುತ್ತದೆ. ಬ್ರೂವರಿ ನೋಡಲು ಹೋದರೆ ಹೊಳೆಯುವ ಉಕ್ಕಿನ ಹಂಡೆಗಳಿವೆ ನಿಜ. ಬ್ರೂವರಿಯ ಕೊಳೆನೀರನ್ನು ಗಿಡಗಳ ಬೇರು ಮತ್ತು ಸೂಕ್ಷ್ಮಜೀವಿಗಳಿಂದ ಶುದ್ಧಗೊಳಿಸುವ ಗಾಜಿನಮನೆಯೂ ಇದೆ. ಕಟ್ಟಿಗೆ ಒಲೆ ಹೊತ್ತಿಸಿ ಕೂತಿದ್ದರೆ ಮಾತ್ರ ಸನ್ಯಾಸಿ ಎನ್ನುವವರನ್ನು ಒಪ್ಪಿಸುವುದು ನನ್ನಿಂದ ಆಗದು. ಅಂದಹಾಗೆ ‘ಕ್ವಾಡ್ರುಪೆಲ್’ ಎಂಬ ಹೆಸರನ್ನು 1991ರಲ್ಲಿ ಬಿಯರ್ ಲೋಕಕ್ಕೆ ಕೊಟ್ಟದ್ದು ಇದೇ ಮಠ. ಈಗ ಅದು ಒಂದು ಶೈಲಿಯ ಹೆಸರಾಗಿ, ಬೇರೆ ದೇಶದ ಬ್ರೂವರಿಗಳ ಬಾಟಲಿಯ ಮೇಲೂ ಕಾಣುತ್ತದೆ.

ಮನೆಯಲ್ಲಿ ಮೆಟ್ಟಿಲ ಕೆಳಗೊಂದು ಕತ್ತಲೆ ಕಪಾಟಿದೆ. ಡಚ್ಚರ ಮನೆಗಳಲ್ಲಿ ಸಾಮಾನ್ಯವಾಗಿ ಇರುವಂಥದ್ದು, ಪೊರಕೆ, ಬೂಟು, ಆಲೂಗಡ್ಡೆ ಇಡುವ ಜಾಗ. ಎರಡನೆಯ ವರ್ಷ ಒಂದೇ ದಿನ ಕೊಂಡ ಆರು ಕ್ವಾಡ್ರುಪೆಲ್ ಬಾಟಲಿಗಳನ್ನು ಅಲ್ಲಿ ನೆಟ್ಟಗೆ ನಿಲ್ಲಿಸಿ, ವರ್ಷಕ್ಕೊಂದರಂತೆ ಡಿಸೆಂಬರಿನಲ್ಲಿ ತೆರೆಯುತ್ತ ಬಂದೆ. ಹೊಸತರಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಮುಂದಾಗಿ, ಹಿಂದಿನಿಂದ ಮದ್ಯದ ಬಿಸಿ ಬರುತ್ತದೆ. ಮೂರನೆಯ ವರ್ಷದ ಬಾಟಲಿಯಲ್ಲಿ ಬಾಳೆಹಣ್ಣು ಅಡಗಿ ಒಣದ್ರಾಕ್ಷಿ, ಖರ್ಜೂರ ಮೇಲೆ ಬಂದಿದ್ದವು. ಹೆಂಡತಿ ಬಿಯರ್ ಕುಡಿಯುವುದಿಲ್ಲ, ಲೋಟ ಮೂಸಿ ನೋಡಿ ‘ಜೋನಿ ಬೆಲ್ಲದ ಡಬ್ಬಿ ತೆರೆದ ಹಾಗಿದೆ’ ಎಂದಳು. ಸಾಗರದ ಕಡೆಯವಳ ಮೂಗು, ನಾನು ವಾದಿಸಲಿಲ್ಲ. ಐದನೆಯದರಲ್ಲಿ ನೊರೆ ತೆಳುವಾಗಿ, ರುಚಿ ಶೆರಿ ವೈನಿನ ಕಡೆ ವಾಲಿತ್ತು. ನನ್ನ ಮಟ್ಟಿಗೆ ಮೂರು ವರ್ಷ ಸರಿಯಾದ ಕಾಲ. ಫ್ರಿಜ್ಜಿನಿಂದ ತೆಗೆದರೆ ಅರ್ಧ ಗಂಟೆ ಹೊರಗಿಡಿ, ಸುಮಾರು 12 ಡಿಗ್ರಿಗೆ ಬರಲಿ. ಅಗಲ ಬಾಯಿಯ ಲೋಟಕ್ಕೆ ಓರೆಯಾಗಿ ಸುರಿಯಿರಿ, ತಳದಲ್ಲಿ ಒಂದು ಬೆರಳಿನಷ್ಟು ಬಿಟ್ಟರೆ ಗಸಿ ಬಾಟಲಿಯಲ್ಲೇ ಉಳಿಯುತ್ತದೆ. ಹೊಂಬಣ್ಣದ ಬ್ಲಾಂಡ್, ವಿಟ್ಟೆಗಳನ್ನು ಹೀಗೆ ಕೂಡಿಡಬೇಡಿ, ಅವು ಬೇಗ ಕುಡಿಯುವಂಥವು.

ಬ್ಲಾಂಡ್ ಬಗ್ಗೆ ಒಂದು ಎಚ್ಚರಿಕೆ. ಒಮ್ಮೆ ಬೀದಿ ಮೂಲೆಯ ಅಂಗಡಿಯೊಂದರಿಂದ ತಂದ ಬಾಟಲಿ ಸುಟ್ಟ ರಬ್ಬರಿನ ಹಾಗೆ ನಾರಿತು. ಅಂಗಡಿಯವನು ಅವನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಅಲಂಕಾರಕ್ಕೆ ಜೋಡಿಸಿದ್ದ. ಬೆಳಕು ತಾಗಿದರೆ ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿ ಅಂಶ ಒಡೆದು ಹೀಗೆ ವಾಸನೆ ಬರುತ್ತದೆ. ಕಂದು ಗಾಜು ಒಂದಷ್ಟು ತಡೆಯುತ್ತದೆ, ತಿಂಗಳುಗಟ್ಟಲೆ ಬಿಸಿಲನ್ನು ತಡೆಯಲಾರದು. ಅಂಥ ಬಾಟಲಿ ಕುಡಿದವನೂ ನಕ್ಷತ್ರ ಒತ್ತುವುದು ಬಿಯರ್‌ಗೇ, ಕಿಟಕಿಗಲ್ಲ.

ವಿಟ್ಟೆಯನ್ನು ಅಂಕಗಳು ತುಳಿದಿವೆ ಎಂದು ನನಗೆ ಅನಿಸುತ್ತದೆ. 2003ರಲ್ಲಿ ಬಂದ, ಟ್ರಾಪಿಸ್ಟ್ ಬಿಯರ್‌ಗಳಲ್ಲಿ ಅಪರೂಪದ ಗೋಧಿ ಬಿಯರ್. ಮೂವತ್ತು ಕಿಲೋಮೀಟರ್ ಸೈಕಲ್ ತುಳಿದು ಮಠದ ಅಂಗಳದ ಮೇಜಿಗೆ ಬಂದು ಕೂತಾಗ ಕ್ವಾಡ್ರುಪೆಲ್ ತಂದಿಟ್ಟರೆ ಯಾರಿಗೆ ಬೇಕು? ಟ್ರಿಪೆಲ್ ಚೆನ್ನಾಗಿದೆ, ಆದರೆ ಟ್ರಿಪೆಲ್ ಬೇಕೆನಿಸಿದ ದಿನ ನಾನು ಬೆಲ್ಜಿಯಂ ಕಡೆಯ ಬಾಟಲಿಗೇ ಕೈ ಹಾಕುತ್ತೇನೆ. ಮೊದಲ ಬ್ರೂವರ್ ಸನ್ಯಾಸಿ ಇಸಿಡೋರಸ್ ನೆನಪಿಗೆ, 125 ವರ್ಷ ತುಂಬಿದ 2009ರಲ್ಲಿ ಮಾಡಿದ ಇಸಿಡೋರ್ ನನಗೆ ತುಸು ಸಿಹಿ ಹೆಚ್ಚು.

ಉಳಿದದ್ದು ಡಬ್ಬೆಲ್. ಅಂಕಪಟ್ಟಿಯಲ್ಲಿ ಅದು ನಡುವಿನ ಮಗ, ಯಾರೂ ಹೊಗಳುವುದಿಲ್ಲ, ಬೈಯುವುದೂ ಇಲ್ಲ. ಕೆಂಪು ಛಾಯೆಯ ಕಂದು ಬಣ್ಣ, ಮೊಳಕೆ ಬರಿಸಿ ಹುರಿದ ಧಾನ್ಯದ ವಾಸನೆ. ಮನೆಯಲ್ಲಿ ರಾಗಿ ಮಾಲ್ಟ್ ಮಾಡಲು ಮೊಳಕೆ ರಾಗಿಯನ್ನು ಹುರಿಯುವಾಗ ಅಡುಗೆಮನೆ ತುಂಬುವುದಕ್ಕೆ ಹತ್ತಿರದ ವಾಸನೆ ಅದು. ಇಲ್ಲಿ ಮೊಳಕೆ ಬಂದಿರುವುದು ಬಾರ್ಲಿ, ಅಷ್ಟೇ ವ್ಯತ್ಯಾಸ. ಸಿಹಿಯಾಗಿ ಶುರುವಾಗಿ ಒಣಗಿ ಮುಗಿಯುತ್ತದೆ, ಆದ್ದರಿಂದ ಊಟದ ಜೊತೆ ಹೊಂದುತ್ತದೆ. ಇಲ್ಲಿರುವ ಕೊಡಗಿನ ಗೆಳೆಯನೊಬ್ಬ ಊರಿನಿಂದ ಕಾಚಂಪುಳಿ ತಂದಾಗಲೆಲ್ಲ ಪಂದಿ ಕರಿ ಮಾಡುತ್ತಾನೆ. ಆ ಕಪ್ಪು ಹುಳಿ, ಮೆಣಸು, ಕೊಬ್ಬಿನ ಎದುರು ಲಾಗರ್ ನೀರಾಗುತ್ತದೆ, ಕ್ವಾಡ್ರುಪೆಲ್ ಜಗಳಕ್ಕೆ ನಿಲ್ಲುತ್ತದೆ. ಡಬ್ಬೆಲ್ ಮಾತ್ರ ಪಕ್ಕದಲ್ಲಿ ಕೂತು ಎಲೆ ಮುಗಿಯುವವರೆಗೂ ಜೊತೆ ಕೊಡುತ್ತದೆ. ನಾವಿಬ್ಬರೂ ಎರಡನೆಯದನ್ನು ತೆರೆಯುತ್ತೇವೆ, ಮೂರನೆಯದಕ್ಕೆ ಹೋಗುವುದಿಲ್ಲ. ಶೇ 7 ಎಂದರೆ ಮರುದಿನ ಬೆಳಿಗ್ಗೆ ಲೆಕ್ಕ ಕೇಳುವಂಥದ್ದೇ.

ಇದನ್ನು ಬರೆಯುವ ಮೊದಲು ಆ್ಯಪ್ ತೆರೆದು ಹಳೆಯದನ್ನೆಲ್ಲ ನೋಡಿದೆ. ಕ್ವಾಡ್ರುಪೆಲ್‌ಗೆ ಕೊಟ್ಟ ಅಂಕಗಳು ಹನ್ನೊಂದು, ಎರಡರಿಂದ ನಾಲ್ಕೂಮುಕ್ಕಾಲರವರೆಗೆ. ವಿಟ್ಟೆಗೆ ಮೂರು ಸಲ, ಬ್ಲಾಂಡ್‌ಗೆ ಎರಡು ಸಲ ಕೊಟ್ಟಿದ್ದೇನೆ. ವಾರ ಬಿಟ್ಟು ವಾರ ಮನೆಗೆ ಬರುವ, ಖಾಲಿ ಬಾಟಲಿಗಳಾಗಿ ಅಂಗಡಿಯ ಯಂತ್ರಕ್ಕೆ ಮರಳಿ ಠೇವಣಿಯ ಹತ್ತು ಹತ್ತು ಸೆಂಟ್ ತಂದುಕೊಡುವ ಡಬ್ಬೆಲ್‌ಗೆ ಒಂದು ಸಲವೂ ಕೊಟ್ಟಿಲ್ಲ. ಕೊಡೋಣವೆಂದು ಹೆಸರು ಹುಡುಕಿ, ನಕ್ಷತ್ರಗಳ ಮೇಲೆ ಬೆರಳಿಟ್ಟೆ. ಅಷ್ಟರಲ್ಲಿ ಗೆಳೆಯನ ಫೋನು ಬಂತು, ಕಾಚಂಪುಳಿ ತಲುಪಿದೆಯಂತೆ.