ಟ್ರೈಲರ್ ಇರುವವರೇ, ಮನೆಯಲ್ಲಿ 30 ಆಂಪ್ ಪ್ಲಗ್ ಹಾಕಿಸುವ ಮುಂಚೆ ಇದನ್ನು ಓದಿ

ಪ್ಲಗ್ ಚುಚ್ಚಿ ಹತ್ತು ಸೆಕೆಂಡೂ ಆಗಿರಲಿಲ್ಲ. ಟ್ರೈಲರ್ ಒಳಗಿನಿಂದ ‘ಟಪ್’ ಅಂತ ಸದ್ದು ಬಂತು. ಹಿಂದೆಯೇ ಇನ್ನೊಂದು. ಒಳಗೆ ಕಾಫಿ ಕುಡಿಯುತ್ತಾ ಕೂತಿದ್ದ ಅಪ್ಪ ಬಾಗಿಲಿಗೆ ಬಂದು, "ಏನೋ ಸುಟ್ಟ ವಾಸನೆ ಬರ್ತಿದೆಯಲ್ಲೋ" ಅಂದರು. ಓಡಿ ಹೋಗಿ ಪ್ಲಗ್ ಕಿತ್ತೆ. ಅಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿತ್ತು.

ನಾವಿರುವುದು ಟೆಕ್ಸಾಸ್‌ನಲ್ಲಿ, ಡಲ್ಲಾಸ್‌ಗೆ ಉತ್ತರಕ್ಕೆ, ಡೆಂಟನ್ ಕಡೆ. ನಮ್ಮದು 24 ಅಡಿಯ ಟ್ರೈಲರ್, ಅಂದರೆ ಗಾಡಿಯ ಹಿಂದೆ ಕಟ್ಟಿಕೊಂಡು ಪ್ರವಾಸ ಹೋಗುವ ಪುಟ್ಟ ಮನೆ; 2014ರ ಮಾಡೆಲ್, ಸೆಕೆಂಡ್ ಹ್ಯಾಂಡ್. ಕಡೂರಿನಿಂದ ಅಪ್ಪ ಅಮ್ಮ ಬಂದಿದ್ದರು. ಅವರಿಗೆ ಪಾಲೊ ಡ್ಯೂರೊ ಕಣಿವೆ ತೋರಿಸಬೇಕು ಅಂತ ಆಸೆ. ಅಮ್ಮನಿಗೆ ಹೊರಗಿನ ಊಟ ಆಗುವುದಿಲ್ಲ. ಟ್ರೈಲರ್ ಇದ್ದರೆ ನಿಲ್ಲಿಸಿದಲ್ಲೇ ಉಪ್ಪಿಟ್ಟು ಕೆದಕಬಹುದು, ಅಲ್ವಾ? ಆದರೆ ಇದರ ಫ್ರಿಜ್ ತಣ್ಣಗಾಗಲು ಗಂಟೆಗಟ್ಟಲೆ ಬೇಕು. ಹೊರಡುವ ಮುಂಚೆಯೇ ಅದನ್ನು ತಣ್ಣಗೆ ಮಾಡಿಕೊಳ್ಳೋಣ ಅಂತ ಮನೆ ಪಕ್ಕದಲ್ಲೇ ಒಂದು 30 ಆಂಪ್ ಔಟ್‌ಲೆಟ್ ಹಾಕಿಸಲು ಹೊರಟೆ.

ಹಾಕಿಸೋಣ ಅಂದೆ, ಹಾಕೋಣ ಅನ್ನಲಿಲ್ಲ. ಅದಕ್ಕೂ ಕಾರಣವಿದೆ. ಹಿಂದಿನ ವರ್ಷ ಚಾವಣಿ ಸೋರುತ್ತಿದೆ ಅಂತ ನಾನೇ ಮೇಲೆ ಹತ್ತಿ, ಅಂಗಡಿಯಲ್ಲಿ ಸಿಕ್ಕ ಮಾಮೂಲಿ ಸಿಲಿಕೋನ್ ಬಳಿದಿದ್ದೆ. ರಬ್ಬರ್ ಚಾವಣಿಗೆ ಬೇರೆಯದೇ ಸೀಲೆಂಟ್ ಇದೆ, ತಾನೇ ಹರಡಿ ಕೂರುವಂಥದ್ದು. ಹಳೆಯ ಸೀಲೆಂಟ್ ಮೇಲೆ ಸಿಲಿಕೋನ್ ಕಚ್ಚಿಕೊಳ್ಳಲಿಲ್ಲ. ಆರು ತಿಂಗಳಿಗೆ ಸಿಪ್ಪೆಯ ಹಾಗೆ ಎದ್ದುಬಂತು. ಸಿಲಿಕೋನ್ ಇದ್ದ ಜಾಗದ ಮೇಲೆ ಬೇರೆ ಏನೂ ಸರಿಯಾಗಿ ಅಂಟುವುದಿಲ್ಲ. ಎರಡು ಶನಿವಾರ ಕೂತು ಕೆರೆದೆ. ಇನ್ನು ಮೇಲೆ ಕರೆಂಟು ಗಿರೆಂಟಿನ ಕೆಲಸವನ್ನಾದರೂ ಗೊತ್ತಿದ್ದವರಿಗೇ ಕೊಡೋಣ ಅಂತ ಅವತ್ತೇ ತೀರ್ಮಾನ ಮಾಡಿದ್ದೆ.

ಬಂದ ಎಲೆಕ್ಟ್ರಿಷಿಯನ್ ಲೈಸೆನ್ಸ್ ಇದ್ದವನೇ. ಮನೆಗಳಿಗೆ ವೈರಿಂಗ್ ಮಾಡಿ ಮಾಡಿ ಕೈ ಪಳಗಿದವನು. ಪೈಪ್, ಬಾಕ್ಸ್, ವೈರು ಎಲ್ಲವೂ ನೀಟು. ಕ್ಯಾಶ್ ಕೊಟ್ಟರೆ 350 ಡಾಲರ್ ಅಂದ. ಕೊಟ್ಟೆ. ಬಿಲ್ ಕೇಳಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ತಪ್ಪಾದದ್ದು ಒಂದೇ ಕಡೆ. ಅಮೆರಿಕದ ಮನೆಗಳಿಗೆ ಎರಡು ಲೈವ್ ತಂತಿ ಬರುತ್ತವೆ. ಒಂದೊಂದರಲ್ಲೂ 120 ವೋಲ್ಟ್. ಎರಡರ ನಡುವೆ ಅಳೆದರೆ 240. ಬಟ್ಟೆ ಒಣಗಿಸುವ ಡ್ರೈಯರ್‌ಗೆ ಬೇಕಾಗುವುದು 240. ಹಳೆಯ ಮನೆಗಳಲ್ಲಿ ಆ ಡ್ರೈಯರ್ ಪ್ಲಗ್ಗಿಗೂ ಮೂರು ಕಾಲು, 30 ಆಂಪ್. ಟ್ರೈಲರ್ ಪ್ಲಗ್ಗಿಗೂ ಮೂರು ಕಾಲು, 30 ಆಂಪ್. ಟ್ರೈಲರ್ ಔಟ್‌ಲೆಟ್ ಹೆಸರು ಟಿಟಿ-30. ಅದರಲ್ಲಿ ಒಂದು ಲೈವ್, ಒಂದು ನ್ಯೂಟ್ರಲ್, ಒಂದು ಅರ್ಥಿಂಗ್ ಇರುತ್ತದೆ. ಬೇಕಾಗಿರುವುದು 120 ವೋಲ್ಟ್ ಮಾತ್ರ. ಔಟ್‌ಲೆಟ್ ಮುಖದ ಮೇಲೇ ‘30 ಆಂಪ್, 125 ವೋಲ್ಟ್’ ಅಂತ ಅಚ್ಚಾಗಿರುತ್ತದೆ. ಅವನು ಸರಿಯಾದ ಔಟ್‌ಲೆಟ್ಟನ್ನೇ ತಂದಿದ್ದ. ಆದರೆ ಅಭ್ಯಾಸಬಲದಲ್ಲಿ ಡ್ರೈಯರ್‌ಗೆ ಹಾಕುವ ಹಾಗೆ, ಎರಡು ಲೈವ್ ತಂತಿಗೂ ಸೇರಿದ ಜೋಡಿ ಬ್ರೇಕರ್ ಹಾಕಿದ. ನ್ಯೂಟ್ರಲ್ ಇರಬೇಕಾದ ಜಾಗಕ್ಕೆ ಎರಡನೇ ಲೈವ್ ಕೊಟ್ಟುಬಿಟ್ಟ. ಇದು ಅವನೊಬ್ಬನ ತಪ್ಪಲ್ಲ ಅಂತ ಆಮೇಲೆ ಗೊತ್ತಾಯಿತು. ಟ್ರೈಲರ್ ಇಟ್ಟುಕೊಂಡವರ ನಡುವೆ ಇದು ಎಷ್ಟೋ ಸಲ ಕೇಳಿಬರುವ ಕಥೆಯಂತೆ.

ನನಗೆ ಜಾಸ್ತಿ ಉರಿಯುವುದು ಮುಂದಿನದಕ್ಕೆ. ನಾನು ಪ್ಲಗ್ ಚುಚ್ಚುವ ಮುಂಚೆ ಅಳೆದು ನೋಡಿದ್ದೆ! 20 ಡಾಲರ್‌ನ ಮಲ್ಟಿಮೀಟರ್ ಕೈಯಲ್ಲೇ ಇತ್ತು. 241 ಅಂತ ತೋರಿಸಿತು. ಪಕ್ಕದಲ್ಲಿದ್ದ ಅಪ್ಪ ಬಗ್ಗಿ ನೋಡಿ, "ಕರೆಂಟು ಚೆನ್ನಾಗಿದೆ ಕಣೋ. ನಮ್ಮಲ್ಲಿ ಸಂಜೆ ಹೊತ್ತು 180 ಕೂಡ ಬರಲ್ಲ" ಅಂದರು. ನನಗೂ ಹೌದೆನಿಸಿತು. 230 ವೋಲ್ಟ್‌ನ ಊರಲ್ಲಿ ಹುಟ್ಟಿ ಬೆಳೆದ ಕಣ್ಣು, 240 ಕಂಡರೆ ಅದಕ್ಕೆ ಗಾಬರಿಯೇ ಆಗುವುದಿಲ್ಲ. ಹದಿನಾಲ್ಕು ವರ್ಷದಿಂದ ಇಲ್ಲೇ ಇದ್ದೇನೆ, ಆದರೂ.

ಸುಟ್ಟದ್ದು ಇಷ್ಟು: ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರ್, ಮೈಕ್ರೋವೇವ್, ಫ್ರಿಜ್‌ನ ಕಂಟ್ರೋಲ್ ಬೋರ್ಡ್. 12 ವೋಲ್ಟ್‌ನ ದೀಪ, ನೀರಿನ ಪಂಪು ಬದುಕಿಕೊಂಡವು. ತಮಾಷೆ ಏನೆಂದರೆ ಒಳಗೆ ಸಿಕ್ಕಿಸಿಟ್ಟಿದ್ದ ಲ್ಯಾಪ್‌ಟಾಪ್ ಚಾರ್ಜರ್‌ಗೆ ಏನೂ ಆಗಿರಲಿಲ್ಲ. ಅದು 100ರಿಂದ 240ರವರೆಗೂ ತಡೆಯುತ್ತದಲ್ಲ. ಏಸಿ ಆಫ್ ಆಗಿದ್ದದ್ದು ನಮ್ಮ ಪುಣ್ಯ. ಈ ಬಗೆಯ ಫ್ರಿಜ್ ಓಡುವುದೇ ಒಂದು ಹೀಟರ್‌ನ ಕಾವಿನಿಂದ. ಆ ಹೀಟರ್ ಬಗ್ಗೆ ಯೋಚಿಸಿದರೆ ಈಗಲೂ ಮೈ ಜುಂ ಅನ್ನುತ್ತದೆ. ವೋಲ್ಟೇಜ್ ಎರಡು ಪಟ್ಟಾದರೆ ಹೀಟರ್ ಕಾಯುವುದು ನಾಲ್ಕು ಪಟ್ಟು. ಅಪ್ಪ ಒಳಗಿದ್ದರು. ಹಾಗೇ ಬಿಟ್ಟು ಅಂಗಡಿಗೆ ಹೋಗಿದ್ದಿದ್ದರೆ?

ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. ಬಂದ, ಬ್ರೇಕರ್ ಬದಲಿಸಿ ವೈರು ಸರಿ ಮಾಡಿದ, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಸುಟ್ಟದ್ದರ ಮಾತು ಬಂದಾಗ, "ನೀವು 30 ಆಂಪ್ ಅಂದ್ರಿ, 120 ಅಂತ ಹೇಳಲೇ ಇಲ್ಲ" ಅಂದ. ನಿಜ, ಹೇಳಿರಲಿಲ್ಲ. ಬಿಲ್ಲೂ ಇರಲಿಲ್ಲ. ಅವನ ಇನ್ಶೂರೆನ್ಸ್ ಕೇಳೋಣ ಅಂದರೆ ಅವನು ನನ್ನ ಮನೆಗೆ ಬಂದಿದ್ದ ಅನ್ನುವುದಕ್ಕೇ ಕಾಗದ ಇಲ್ಲ.

ಕನ್ವರ್ಟರ್ ನಾನೇ ಬದಲಿಸಿದೆ. ಪ್ಲಗ್ ತೆಗೆದು, ಬ್ಯಾಟರಿ ಕಳಚಿ, ಪ್ರತಿ ವೈರಿನ ಫೋಟೋ ಹೊಡೆದುಕೊಂಡು ಕೂತರೆ ಒಂದು ಮಧ್ಯಾಹ್ನದ ಕೆಲಸ. 230 ಡಾಲರ್. ಮೈಕ್ರೋವೇವ್ 190. ಫ್ರಿಜ್‌ಗೆ ಮಾತ್ರ ಆರ್‌ವಿ, ಅಂದರೆ ಇಂಥ ಪ್ರವಾಸದ ಗಾಡಿಗಳ ಕೆಲಸವನ್ನೇ ಮಾಡುವ ಟೆಕ್ನಿಷಿಯನ್‌ನನ್ನು ಕರೆಸಿದೆ. ಮನೆಬಾಗಿಲಿಗೆ ಬರುವುದಕ್ಕೆ 150, ಗಂಟೆಗೆ 140ರಂತೆ ಎರಡು ಗಂಟೆ, ಬೋರ್ಡ್‌ಗೆ 210. ಎಲ್ಲ ಸೇರಿ 1,060 ಡಾಲರ್, ಮೊದಲು ಕೊಟ್ಟ 350 ಬೇರೆ.

ಆ ಟೆಕ್ನಿಷಿಯನ್ ಬಂದದ್ದು ಒಳ್ಳೆಯದೇ ಆಯಿತು. ಫ್ರಿಜ್ ಗ್ಯಾಸ್‌ನಲ್ಲೂ ಓಡುವುದರಿಂದ ಸಿಲಿಂಡರ್ ಕಡೆಗೂ ಹೋಗಿ ನೋಡಿದ. ಹಿಂದಿನ ತಿಂಗಳು ನಾನೇ ಬದಲಿಸಿದ್ದ ಪೈಪಿನ ಫ್ಲೇರ್ ಜೋಡಣೆಗೆ ಬಿಳಿ ಟೇಪ್ ಸುತ್ತಿದ್ದೆ, ನಲ್ಲಿಗೆ ಸುತ್ತುವ ಹಾಗೆ. ಅವನು ಸೋಪಿನ ನೀರು ಹಚ್ಚಿದ. ಗುಳ್ಳೆ ಎದ್ದವು. ಆ ಜೋಡಣೆಯಲ್ಲಿ ಲೋಹಕ್ಕೆ ಲೋಹ ಕೂತು ಬಿಗಿಯಾಗಬೇಕು, ಅಲ್ಲಿ ಟೇಪಿಗೆ ಕೆಲಸವಿಲ್ಲ ಅಂದ. ಪ್ರೊಪೇನ್ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ.

ಆಮೇಲಿಂದ ನಾನು ಕೆಲಸ ಕಷ್ಟವೋ ಸುಲಭವೋ ಅಂತ ನೋಡುವುದಿಲ್ಲ. ತಪ್ಪಾದರೆ ತಿದ್ದಲು ಟೈಮ್ ಸಿಗುತ್ತದಾ ಅಂತ ನೋಡುತ್ತೇನೆ. ಚಾವಣಿ ನನಗೆ ಆರು ತಿಂಗಳು ಕೊಟ್ಟಿತ್ತು. ಕರೆಂಟು ಹತ್ತು ಸೆಕೆಂಡ್ ಕೊಡಲಿಲ್ಲ. ಹಾಗಾಗಿ ಚಾವಣಿ, ನಲ್ಲಿ, ನೀರಿನ ಪಂಪು, ಚಳಿಗಾಲಕ್ಕೆ ಪೈಪಿಗೆ ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬುವುದು ನನ್ನ ಪಾಲು. ಗ್ಯಾಸ್, ಬ್ರೇಕು, ಆಕ್ಸಲ್, 120 ವೋಲ್ಟ್ ವೈರಿಂಗ್ ಬೇರೆಯವರ ಪಾಲು. ಆ ಬೇರೆಯವರಿಗೂ ಮೊದಲ ಪ್ರಶ್ನೆ: "ಟ್ರೈಲರ್‌ಗೆ ಮುಂಚೆ ಮಾಡಿದ್ದೀರಾ?" ಏಸಿಯ ಗ್ಯಾಸ್‌ಗಂತೂ ಇಲ್ಲಿ ಸರ್ಟಿಫಿಕೇಟ್ ಇಲ್ಲದವರು ಕೈ ಹಾಕುವಂತೆಯೇ ಇಲ್ಲ. ಜೊತೆಗೆ ವೋಲ್ಟೇಜ್ ತಪ್ಪಿದ್ದರೆ ಕರೆಂಟನ್ನು ಒಳಗೇ ಬಿಡದ ಇಎಂಎಸ್ ಡಬ್ಬಿಯನ್ನು 300 ಡಾಲರ್ ಕೊಟ್ಟು ತಂದೆ. ಮೊದಲೇ ತಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಈಗಾಗಲೇ ಮನೆಯಲ್ಲಿ ಟಿಟಿ-30 ಹಾಕಿಸಿಕೊಂಡು ಇನ್ನೂ ಚುಚ್ಚದೆ ಇರುವವರು ಇವತ್ತೇ ಹೋಗಿ ಬ್ರೇಕರ್ ನೋಡಿ. 30 ಆಂಪ್‌ಗೆ ಒಂಟಿ ಬ್ರೇಕರ್ ಇರಬೇಕು. ಎರಡು ಹಿಡಿ ಒಟ್ಟಿಗೆ ಸೇರಿಸಿದ್ದರೆ ಚುಚ್ಚಬೇಡಿ. ದೊಡ್ಡ ಗಾಡಿಗಳ 50 ಆಂಪ್‌ನ ನಾಲ್ಕು ಕಾಲಿನ ಪ್ಲಗ್ಗಿಗೆ ಜೋಡಿ ಬ್ರೇಕರ್ ಸರಿ, ಅದನ್ನು ಇದಕ್ಕೆ ಬೆರೆಸಬೇಡಿ. ಮೀಟರ್ ಇದ್ದರೆ ಅಳೆಯಿರಿ: ಓರೆಯಾಗಿರುವ ಎರಡು ಸೀಳುಗಳ ನಡುವೆ 120 ಬರಬೇಕು. ಲೈವ್‌ನಿಂದ ಅರ್ಥಿಂಗ್‌ಗೆ 120, ನ್ಯೂಟ್ರಲ್‌ನಿಂದ ಅರ್ಥಿಂಗ್‌ಗೆ ಸೊನ್ನೆಯ ಹತ್ತಿರ. 240 ಕಂಡರೆ, ಪಕ್ಕದಲ್ಲಿ ಯಾರ ಅಪ್ಪ ನಿಂತು ಚೆನ್ನಾಗಿದೆ ಅಂದರೂ, ಬ್ರೇಕರ್ ಇಳಿಸಿ ಫೋನ್ ಮಾಡಿ.