ಗಣಿತ ಕ್ಲಾಸಿಗೆ ಕಥೆಯೋ, ಹಳೇ ಲೆಕ್ಕವೋ?

ರಾಮಾನುಜನ್ ಕಥೆ ಹೇಳಲೋ, ಭಾಸ್ಕರಾಚಾರ್ಯರ ಹಳೇ ಗಣಿತ ಗ್ರಂಥ ‘ಲೀಲಾವತಿ’ಯ ಲೆಕ್ಕ ಕೊಡಲೋ ಅಂತ ಕೇಳಿದಿರಲ್ಲ, ಮೊದಲು ಗಡಿಯಾರ ನೋಡಿ. 1729 ನಂಬರಿನ ಟ್ಯಾಕ್ಸಿಯಲ್ಲಿ ಬಂದ ಗಣಿತಜ್ಞ ಹಾರ್ಡಿಗೆ ರಾಮಾನುಜನ್ ಆ ಸಂಖ್ಯೆಯ ವಿಶೇಷ ಹೇಳಿದ ಕಥೆಗೆ ಐದು ನಿಮಿಷ ಸಾಕು, ತಯಾರಿಯೂ ಬೇಡ. ಮಕ್ಕಳು ತೂಕಡಿಸುವ ಕೊನೇ ಪೀರಿಯಡ್‌ಗೆ ಒಳ್ಳೆಯದು. ಆದರೆ ಆ ಸಂಖ್ಯೆಯನ್ನು ಎರಡು ಘನಗಳ ಮೊತ್ತವಾಗಿ ಎರಡು ರೀತಿ ಬರೆಸದಿದ್ದರೆ ಮಕ್ಕಳಿಗೆ ಟ್ಯಾಕ್ಸಿ ಮಾತ್ರ ನೆನಪಿರುತ್ತದೆ, ಅಲ್ವಾ?

ಭಾಸ್ಕರಾಚಾರ್ಯರ ದುಂಬಿ ಲೆಕ್ಕಕ್ಕೆ ಪೂರ್ತಿ ಪೀರಿಯಡ್ ಬೇಕು. ಹಿಂಡಿನ ಅರ್ಧದ ವರ್ಗಮೂಲದಷ್ಟು ದುಂಬಿಗಳು ಹಾರಿಹೋದವು, ಇಡೀ ಹಿಂಡಿನ ಒಂಬತ್ತರಲ್ಲಿ ಎಂಟು ಪಾಲೂ ಹೋಯಿತು, ಉಳಿದದ್ದು ಎರಡೇ, ಹಾಗಾದರೆ ಒಟ್ಟು ಎಷ್ಟು? ಉತ್ತರ 72, ಆದರೆ ಅಲ್ಲಿಗೆ ಹೋಗುವ ದಾರಿಯಲ್ಲಿ ವರ್ಗ ಸಮೀಕರಣ ತಾನಾಗೇ ಎದುರಾಗುತ್ತದೆ. ಹತ್ತನೇ ಕ್ಲಾಸಾದರೆ ನಾನು ಇದನ್ನೇ ಹಿಡಿಯುತ್ತೇನೆ. ಎಂಟನೆಯವರಿಗೆ ಸುಮ್ನೆ ತಲೆನೋವು, ಅವರಿಗೆ ಟ್ಯಾಕ್ಸಿಯೇ ಇರಲಿ.