ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ: ಸಿಕ್ಕಿನ ಪದಕ್ಕೆ ತುದಿ ಸಿಕ್ಕಿತು

ನಾನು ಸೀರೆಗೆ ಕುಚ್ಚು ಕಟ್ಟುವವಳು. ಡಿಕ್ಷನರಿಗೆ ರಿವ್ಯೂ ಬರೆಯುವ ಪೈಕಿ ಅಲ್ಲ. ಆದರೆ ಇಂಗ್ಲಿಷ್ ಪದಗಳ ಹುಟ್ಟು ಹೇಳುವ ಈ ವೆಬ್‌ಸೈಟು ನನ್ನ ಕಸುಬಿನ ಮಾತನ್ನೇ ಆಡಿತು.

ಮಗಳು ಪಿಯುಸಿ. ಇಂಗ್ಲಿಷಿನ 'ರಾವೆಲ್' (ravel) ಅಂದರೆ ಸಿಕ್ಕಾಗುವುದು ಅಂತ ನೋಟ್ಸಲ್ಲಿ ಬರೆದುಕೊಂಡಿದ್ದಳು. ಮನೆಯ ಪಾಕೆಟ್ ಡಿಕ್ಷನರಿ ತೆಗೆದರೆ 'ಸಿಕ್ಕು ಬಿಡಿಸು' ಅಂತಿದೆ, ಅಷ್ಟೇ. "ಅಮ್ಮಾ, 'ಅನ್‌ರಾವೆಲ್' ಅಂದ್ರೂ ಬಿಡಿಸೋದೇ. ಮತ್ತೆ ಆ 'ಅನ್' ಯಾಕೆ ಬೇಕಿತ್ತು?" ಅಂತ ನನ್ನ ತಲೆ ತಿಂದಳು.

ಕೊನೆಗೆ ಅವಳೇ ಫೋನಲ್ಲಿ ಈ ಆನ್‌ಲೈನ್ ಡಿಕ್ಷನರಿ ತೆರೆದಳು. ಡಗ್ಲಸ್ ಹಾರ್ಪರ್ ಅನ್ನುವ ಅಮೆರಿಕದವರು ಶುರು ಮಾಡಿದ್ದಂತೆ. ಓದಲು ಕಾಸು ಕೊಡಬೇಕಿಲ್ಲ. ಅದರ ಪ್ರಕಾರ 'ರಾವೆಲ್' ಡಚ್ ಭಾಷೆಯ 'ರಾವೆಲೆನ್'ನಿಂದ ಬಂದದ್ದು, ಅದರ ಹಿಂದೆ 'ರಾಫೆಲ್', ಅಂದರೆ ಬಟ್ಟೆಯಿಂದ ಪಿಸಿದು ಬಂದ ಎಳೆ. ಇಂಗ್ಲಿಷಿನಲ್ಲಿ 1580ರ ದಶಕದಲ್ಲಿ 'ಬಿಡಿಸು', 'ಸಿಕ್ಕಾಗು' ಅನ್ನುವ ಅರ್ಥವೂ ಉಂಟು. ಎರಡೂ ಹೇಗೆ ಸರಿ? ನೇಯ್ಗೆ ಬಿಚ್ಚಿದ ಎಳೆ ಸಿಕ್ಕಾಗುತ್ತದೆ, ಅದಕ್ಕೆ.

ನನಗೆ ನಗು ಬಂತು. ಆ ಹೊತ್ತಿಗೆ ಮಡಿಲಲ್ಲಿ ಒಂದು ರೇಷ್ಮೆ ಸೀರೆಯ ಸೆರಗಿತ್ತು. ತುದಿಯಲ್ಲಿ ನಾಲ್ಕು ಬೆರಳಗಲ ಹೊಕ್ಕಿನ ಎಳೆ, ಅಂದರೆ ಅಡ್ಡ ಎಳೆ, ಒಂದೊಂದೇ ಎಳೆದು ತೆಗೆದಿದ್ದೆ. ಹಾಸಿನ ಉದ್ದ ಎಳೆ ಜೋತಾಡುತ್ತಿದ್ದವು. ಕುಚ್ಚು ಕಟ್ಟುವುದು ಅವನ್ನೇ ಹಿಡಿದು. (ಈಗಿನವರಿಗೆ ಮಣಿ, ಕ್ರೋಶಾ ಬೇಕು, ಅದು ಬೇರೆ ಮಾತು.) ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ಫ್ಯಾನಿನ ಗಾಳಿಗೆ ಒಂದಕ್ಕೊಂದು ಸುತ್ತಿಕೊಂಡು ಕೂತಿರುತ್ತವೆ. ಬಿಚ್ಚಿದವಳೂ ನಾನೇ, ಸಿಕ್ಕು ಮಾಡಿದವಳೂ ನಾನೇ! ಆ ಡಚ್ಚರ ನೇಕಾರರಿಗೂ ಇದೇ ಗೋಳು ಇದ್ದಿರಬೇಕು.

ನಮ್ಮ 'ಸಿಕ್ಕು' ಏನು ಕಮ್ಮಿ? ದಾರ ಸಿಕ್ಕಾಯಿತು ಅಂತೀವಿ, ತುದಿ ಸಿಕ್ಕಿತು ಅಂತಲೂ ಅಂತೀವಿ. ಇದನ್ನು ಹೇಳಿದ್ದಕ್ಕೆ ಮಗಳು ಮೊದಲ ಸಲ ನನ್ನನ್ನು ಮೇಷ್ಟ್ರ ಥರ ನೋಡಿದಳು.

ಸುಲಭ ಅಂತ ಮಾತ್ರ ಹೇಳಲಾರೆ. ವಿವರಣೆ ಓದಲು ಇಂಗ್ಲಿಷ್ ಚೆನ್ನಾಗಿ ಬರಬೇಕು, ನನಗೆ ಮಗಳು ಓದಿ ಹೇಳಬೇಕಾಯಿತು. ಕೆಲವು ಪದಗಳ ಮುಂದೆ ನಕ್ಷತ್ರ ಇರುತ್ತದೆ. ಅಂಥ ರೂಪ ಎಲ್ಲೂ ಬರಹದಲ್ಲಿ ಸಿಕ್ಕಿಲ್ಲ, ವಿದ್ವಾಂಸರು ಊಹಿಸಿ ಕಟ್ಟಿದ್ದು ಅಂತ ಅರ್ಥವಂತೆ. 'ಪಿಐಇ' ಅಂದರೆ ತಿನ್ನುವ ಪೈ ಅಂದುಕೊಂಡಿದ್ದೆವು, ಅದು ಮೂಲ ಇಂಡೋ-ಯುರೋಪಿಯನ್ ಭಾಷೆ, ಅಂದರೆ ಇಂಗ್ಲಿಷ್, ಲ್ಯಾಟಿನ್, ಸಂಸ್ಕೃತಕ್ಕೆಲ್ಲ ತಾಯಿ ಅಂತ ವಿದ್ವಾಂಸರು ಊಹಿಸಿದ ಭಾಷೆ! ಇನ್ನೊಂದು ಅಪಾಯ: ಒಂದು ಪದ ನೋಡಲು ಹೋದರೆ ಹೊರಗೆ ಬರಲಾಗುವುದಿಲ್ಲ. 'ಇಂಟ್ರಿಕೇಟ್' (ಜಟಿಲ), 'ಇಂಟ್ರೀಗ್' (ಒಳಸಂಚು), 'ಎಕ್ಸ್‌ಟ್ರಿಕೇಟ್' (ತೊಡಕಿನಿಂದ ಬಿಡಿಸು) ಮೂರೂ ಲ್ಯಾಟಿನ್ನಿನ 'ಟ್ರೀಕೈ', ಅಂದರೆ ತೊಡಕುಗಳು, ಅನ್ನುವ ಒಂದೇ ಬೇರಿನವು ಅಂತ ಗೊತ್ತಾಗುವಷ್ಟರಲ್ಲಿ ರಾತ್ರಿ ಹನ್ನೊಂದು.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಸೀರೆ ಮಾತ್ರ ಒಂದು ದಿನ ತಡವಾಗಿ ಹೋಯಿತು.